ಕಾರ್ಮಿಕ ಸಚಿವರೇ, ಎಂಎಸ್‌ಡಿಎಸ್ ಫೈಲಿನ ತಾರೀಖನ್ನೂ ನೋಡಿಸಿ

ಮಾನ್ಯ ಕರ್ನಾಟಕ ಸರ್ಕಾರದ ಕಾರ್ಮಿಕ ಸಚಿವರಿಗೆ,

ನಮಸ್ಕಾರ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು. ಕೆಮಿಕಲ್ ಡಬ್ಬಗಳು ಒಳಗೆ ಬರುವುದು, ಶಾಪಿಗೆ, ಅಂದರೆ ಕೆಲಸ ನಡೆಯುವ ಜಾಗಕ್ಕೆ, ಹೋಗುವುದು ಎಲ್ಲಾ ನನ್ನ ಕೈಯಿಂದಲೇ. ಒಂದೊಂದು ಕೆಮಿಕಲ್‌ಗೂ ಎಂಎಸ್‌ಡಿಎಸ್ ಅಂತ ಒಂದು ಸುರಕ್ಷತಾ ಮಾಹಿತಿ ಪತ್ರ ಇರಬೇಕು. ಡಬ್ಬದಲ್ಲಿ ಏನಿದೆ, ಮೈಮೇಲೆ ಬಿದ್ದರೆ ಏನು ಮಾಡಬೇಕು, ಯಾವ ಗ್ಲೌಸ್ ಹಾಕಬೇಕು, ಬೆಂಕಿ ಹತ್ತಿದರೆ ಹೇಗೆ ಆರಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನಾನು ನೋಡಿದ ಕಾರ್ಖಾನೆಗಳಲ್ಲಿ ಈ ಪತ್ರಗಳು ಇವೆ. ಆದರೆ ತುಂಬಾ ಹಳೆಯವು. ನನ್ನ ತಕರಾರು ಅದೇ.

ಹಳೆಯದಾದರೆ ಏನಂತೆ ಅಂತ ಮಾಲೀಕರು ಕೇಳುತ್ತಾರೆ. ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ತಗೊಳ್ಳಿ. ಅದರ 2009ರ ಪತ್ರದಲ್ಲಿ ‘ಬಹುಶಃ ಕ್ಯಾನ್ಸರ್ ತರಬಹುದು’ ಎಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಆ ‘ಬಹುಶಃ’ ತೆಗೆದುಹಾಕಿತು. ಮೂತ್ರಪಿಂಡದ ಕ್ಯಾನ್ಸರ್ ತರುತ್ತದೆ ಎಂದೇ ಹೇಳಿತು. ಹಳೇ ಹಾಳೆ ನಂಬಿಕೊಂಡು ಆ ಕೆಮಿಕಲ್ ತೊಟ್ಟಿಯ ಮುಂದೆ ನಿಲ್ಲುವ ಹುಡುಗನಿಗೆ ಇದು ಗೊತ್ತಾಗುವುದು ಹೇಗೆ?

ಇನ್ನೊಂದು, ನನ್ನ ಕಣ್ಣೆದುರು ನಡೆದದ್ದು. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಆದ ಮೇಲೆ ಕಲೆ ತೆಗೆಯಲು ಪಿಕ್ಲಿಂಗ್ ಪೇಸ್ಟ್ ಬಳಿಯುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ನೈಟ್ರಿಕ್ ಆಸಿಡ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಇದು ಮಹಾ ಮೋಸದ್ದು. ತೆಳುವಾಗಿದ್ದರೆ ಬಿದ್ದ ತಕ್ಷಣ ಉರಿಯುವುದೇ ಇಲ್ಲ. ಗಂಟೆಗಳಾದ ಮೇಲೆ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿನ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ಜಾಸ್ತಿ ಬಿದ್ದರೆ ಹೃದಯವೇ ನಿಲ್ಲಬಹುದು. ಕೂಡಲೇ ನೀರಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕು. ಬರ್ನಾಲ್ ಹಚ್ಚಿದರೆ ಆಗುವುದಿಲ್ಲ.

ಹೆಲ್ಪರ್ ಒಬ್ಬನ ಬೆರಳಿಗೆ ಈ ಪೇಸ್ಟ್ ತಾಗಿತ್ತು. ಡಾಕ್ಟರ್ ಕೇಳಿದರು, ‘ಯಾವ ಆಸಿಡ್ಡಪ್ಪಾ?’ ಸೂಪರ್‌ವೈಸರ್ ವಾಟ್ಸಾಪ್‌ನಲ್ಲಿ ಹಾಳೆಯ ಫೋಟೋ ಕಳಿಸಿದರು. ಅದು ಹಿಂದಿನ ಸಪ್ಲೈಯರ್ ಕೊಟ್ಟದ್ದು. ಡಬ್ಬದ ಮೇಲಿನ ಕಂಪನಿಯೇ ಬೇರೆ. ಹಾಳೆಯಲ್ಲಿದ್ದ ತುರ್ತು ನಂಬರಿಗೆ ಫೋನ್ ಮಾಡಿದರೆ ಅದು ಚಾಲ್ತಿಯಲ್ಲೇ ಇರಲಿಲ್ಲ. ಪುಣ್ಯಕ್ಕೆ ಬೆರಳು ಉಳಿಯಿತು.

ಕಾನೂನು ಇಲ್ಲ ಅಂತಲ್ಲ ಸ್ವಾಮಿ. 1984ರಲ್ಲಿ ಭೋಪಾಲದ ಡಾಕ್ಟರುಗಳು ಯಾವ ಅನಿಲ, ಏನು ಚಿಕಿತ್ಸೆ ಅಂತ ತಿಳಿಯದೆ ಒದ್ದಾಡಿದರು. ಅದಾದ ಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ಅಪಾಯದ ಮಾಹಿತಿ ಕೇಳುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟರು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಿ 17ನೇ ನಿಯಮ ಈ ಪತ್ರವನ್ನು ಕಡ್ಡಾಯ ಮಾಡಿತು. ಹೊಸ ಮಾಹಿತಿ ಬಂದರೆ ‘ಸಾಧ್ಯವಾದಷ್ಟು ಬೇಗ’ ಸೇರಿಸಬೇಕು ಎಂದೂ ಹೇಳಿತು. ಎಲ್ಲಾ ಜಾರಿಹೋಗುವುದು ಈ ‘ಸಾಧ್ಯವಾದಷ್ಟು’ ಎಂಬಲ್ಲೇ. ಆಸ್ಟ್ರೇಲಿಯಾದಲ್ಲಿ ತಯಾರಕರು ಐದು ವರ್ಷಕ್ಕೊಮ್ಮೆಯಾದರೂ ಪತ್ರವನ್ನು ಮತ್ತೆ ನೋಡಲೇಬೇಕು. ನಮ್ಮಲ್ಲಿ ಅಂಥ ಗಡುವಿಲ್ಲ.

ಇನ್‌ಸ್ಪೆಕ್ಷನ್ ಬಗ್ಗೆಯೂ ಒಂದು ಮಾತು. ಸಾಹೇಬರು ಬರುತ್ತಾರೆ, ‘ಎಂಎಸ್‌ಡಿಎಸ್ ಇದೆಯಾ?’ ಅಂತಾರೆ, ಫೈಲ್ ತೋರಿಸುತ್ತೇವೆ, ಟಿಕ್ ಬೀಳುತ್ತದೆ. ಅವರು ಬರುವ ಹಿಂದಿನ ದಿನ ಫೈಲಿಗೆ ಹೊಸ ರಟ್ಟು ಬಂದಿರುತ್ತದೆ, ಒಳಗಿನ ಹಾಳೆ ಮಾತ್ರ ಅವೇ! ದಯವಿಟ್ಟು ಅವರಿಗೆ ಹೇಳಿ: ಸ್ಟೋರಿನಿಂದ ಯಾವುದಾದರೂ ಒಂದು ಡಬ್ಬ ಎತ್ತಲಿ. ಅದರ ಮೇಲಿನ ಕಂಪನಿ ಹೆಸರು ಹಾಳೆಯಲ್ಲಿದೆಯಾ ನೋಡಲಿ. ಹಾಳೆ ಕೊನೆಯದಾಗಿ ತಿದ್ದಿದ್ದು ಯಾವಾಗ ಅಂತ ನೋಡಲಿ. ಹತ್ತು ನಿಮಿಷದ ಕೆಲಸ.

ಸಣ್ಣ ಶೆಡ್‌ಗಳ ಮಾಲೀಕರ ಮೇಲೆ ಮಾತ್ರ ಭಾರ ಹೊರಿಸಬೇಡಿ. ಸಪ್ಲೈಯರ್ ಮೊದಲ ಬಿಲ್ಲಿನ ಜೊತೆಗೇ ಪತ್ರ ಕೊಡಬೇಕು, ತಿದ್ದಿದಾಗಲೆಲ್ಲ ತಾನಾಗಿ ಕಳಿಸಬೇಕು. ನಾವು ಹತ್ತು ಸಲ ಫೋನ್ ಮಾಡಿ ಬೇಡುವ ಹಾಗಿರಬಾರದು. ಜೊತೆಗೆ ಕನ್ನಡದಲ್ಲೊಂದು, ಹಿಂದಿಯಲ್ಲೊಂದು ಪುಟ ಇರಲಿ. ಇಂಗ್ಲಿಷಿನ ಹತ್ತು ಪುಟ ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ ರಾಯಚೂರಿನ ಹುಡುಗನಿಗೂ ಬಿಹಾರದವನಿಗೂ ಏನು ಉಪಯೋಗ, ಅಲ್ವಾ?

ಎಲ್ಲವೂ ಒಂದೇ ಸಲ ಆಗದಿದ್ದರೆ ಪಿಕ್ಲಿಂಗ್ ಪೇಸ್ಟ್‌ನಿಂದಲೇ ಶುರು ಮಾಡಿಸಿ. ಅದನ್ನು ಬಳಸುವ ಪ್ರತಿ ಕಾರ್ಖಾನೆಗೂ ನಿಮ್ಮ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಿಂದ ಒಂದು ಸುತ್ತೋಲೆ ಹೋಗಲಿ: ಈಗಿನ ಸಪ್ಲೈಯರ್‌ನ ಪತ್ರ ಶಾಪಿನ ಗೋಡೆಯ ಮೇಲಿರಬೇಕು, ಫಸ್ಟ್ ಏಡ್ ಡಬ್ಬದಲ್ಲಿ ಅವಧಿ ಮುಗಿಯದ ಗ್ಲುಕೋನೇಟ್ ಜೆಲ್ ಇರಬೇಕು.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಸ್ಟೋರ್‌ಕೀಪರ್