ಹೆಣ್ಣು ಬಣ್ಣ ಅಂದರೆ ಸ್ತ್ರೀವೇಷ ಅಲ್ಲ: ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಕ್ಷಗಾನ ಗುಂಪಿನಲ್ಲಿ ಫೋಟೋ ಹಾಕುವಾಗ ಸೀತೆ, ದಮಯಂತಿ ವೇಷಕ್ಕೂ ‘ಹೆಣ್ಣು ಬಣ್ಣ’ ಅಂತ ಬರೆಯುವುದು ಜಾಸ್ತಿಯಾಗಿದೆ. ದಯವಿಟ್ಟು ಬೇಡ. ಅವೆಲ್ಲ ಸ್ತ್ರೀವೇಷಗಳು, ಅಂದರೆ ಸಾಮಾನ್ಯ ಹೆಣ್ಣು ಪಾತ್ರಗಳು.

ತೆಂಕುತಿಟ್ಟಿನಲ್ಲಿ (ಯಕ್ಷಗಾನದ ದಕ್ಷಿಣದ ಶೈಲಿ) ಹೆಣ್ಣು ಬಣ್ಣ ಅಂದರೆ ರಕ್ಕಸಿಯರ ವೇಷ: ಶೂರ್ಪನಖಿ, ತಾಟಕಿ, ಅಜಮುಖಿ ಇಂಥವರು. ಮುಖಕ್ಕೆ ದಟ್ಟ ಬಣ್ಣ ಬರೆದು ರಕ್ಕಸರ ಪಾತ್ರ ಮಾಡುವ ‘ಬಣ್ಣದ ವೇಷಧಾರಿ’ಗಳೇ ಮಾಡುವಂಥದ್ದು. ಸಭೆಯ ಹಿಂದಿನಿಂದ ಆರ್ಭಟ, ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆನ್ನುವ ಬೆಂಕಿ, ಚೆಂಡೆಯ ಅಬ್ಬರ. ನಿದ್ದೆಯಲ್ಲಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಅಷ್ಟು ಹೆದರಿಸಿದವಳೇ ರಂಗಕ್ಕೆ ಬಂದು ತಲೆ ಬಾಚಿ, ಹೇನು ಹೆಕ್ಕಿ, ಸಿಂಗಾರ ಮಾಡಿಕೊಳ್ಳುವ ಅಭಿನಯಕ್ಕಿಳಿದರೆ ಸಭೆಯೆಲ್ಲ ನಗು. ನನಗಂತೂ ಈ ವೇಷದ ನಿಜವಾದ ರುಚಿ ಆ ಸಿಂಗಾರದಲ್ಲೇ. (ಈಗ ಸಮಯದ ಅಭಾವ ಅಂತ ಅದನ್ನೇ ಕತ್ತರಿಸಿದರೆ ಹೊಟ್ಟೆ ಉರಿಯುತ್ತೆ.)

ಗೊಂದಲ ಆಗುವುದು ಪಂಚವಟಿ ಪ್ರಸಂಗದಲ್ಲಿ (ಪ್ರಸಂಗ ಅಂದರೆ ಆಡುವ ಕಥೆ). ಘೋರ ಶೂರ್ಪನಖಿ ಹೆಣ್ಣು ಬಣ್ಣ. ಅವಳೇ ರಾಮನನ್ನು ಮರುಳು ಮಾಡಲು ಚೆಲುವೆಯಾಗಿ ಬಂದರೆ ಮಾಯಾ ಶೂರ್ಪನಖಿ, ಅದು ಸ್ತ್ರೀವೇಷ. ಪಾತ್ರ ಒಂದೇ, ಕಲಾವಿದರು ಇಬ್ಬರು. ಹೆಸರು ಹಾಕುವಾಗ ನೋಡಿ ಹಾಕಿ.

ಇನ್ನೊಂದು ಮಾತು. ಕೆಟ್ಟ ಹೆಂಗಸರೆಲ್ಲ ಹೆಣ್ಣು ಬಣ್ಣ ಆಗುವುದಿಲ್ಲ. ಕೈಕೇಯಿ ಎಷ್ಟೇ ಹಟ ಹಿಡಿದರೂ ಸ್ತ್ರೀವೇಷವೇ, ಮಂಥರೆ ಸಾಮಾನ್ಯವಾಗಿ ಹಾಸ್ಯಗಾರರ ಪಾಲು. ಅತ್ತ ಹಿಡಿಂಬಿ ಭೀಮನನ್ನು ಮೆಚ್ಚಿ ಮದುವೆಯಾದವಳು, ಘಟೋತ್ಕಚನ ತಾಯಿ. ಆದರೂ ರಕ್ಕಸರ ಕುಲ, ಹಾಗಾಗಿ ಹೆಣ್ಣು ಬಣ್ಣ.

ಹಳೆಯ ಫೋಟೋಗಳ ಶೀರ್ಷಿಕೆ ತಿದ್ದುವವರು ವೇಷಧಾರಿಯ ಹೆಸರು, ಪ್ರಸಂಗ ಎರಡನ್ನೂ ಸೇರಿಸಿ ಮತ್ತೆ ಹಾಕಿ.