ಚೌಕಾಬಾರದ ಕಟ್ಟೆ, ದಾವಾವೊದ ಕುರ್ಚಿ

ಮಾನ್ಯರೇ,

ಫಿಲಿಪೈನ್ಸ್‌ನ ರಾಜಕೀಯ ಮನೆತನಗಳ ಬಗ್ಗೆ ಕಳೆದ ಭಾನುವಾರ ನೀವು ಹಾಕಿದ ಪುಟ ನೋಡಿದೆ. ಅಪ್ಪ, ಮಗಳು, ತಮ್ಮ ಅಂತ ಸಾಲು ಸಾಲು ಮುಖಗಳು. ಮದುವೆ ಆಲ್ಬಮ್ ತಿರುವಿದ ಹಾಗಾಯ್ತು. ಯಾರು ಯಾರಿಗೆ ಏನಾಗಬೇಕು ಅಂತ ಗೊತ್ತಾಯ್ತು. ಕುರ್ಚಿ ಮನೆಯಲ್ಲೇ ಹೇಗೆ ಉಳಿಯುತ್ತದೆ ಅಂತ ಗೊತ್ತಾಗಲಿಲ್ಲ.

ನಾನು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಮಗಳು ಫಿಲಿಪೈನ್ಸ್‌ನ ದಾವಾವೊ ನಗರದಲ್ಲಿ ಮೆಡಿಕಲ್ ಓದಿದವಳು, ಹಾಗಾಗಿ ಆ ಊರಿನ ಸುದ್ದಿ ನೋಡುವ ಚಟ. ಮೊನ್ನೆ ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆದು, ಕಟ್ಟೆಗಳಿಗೆ ಮೇಯರ್, ಉಪಮೇಯರ್, ಸಂಸದ ಅಂತ ಹೆಸರಿಟ್ಟೆ. ನಡುಮನೆ ಅಧ್ಯಕ್ಷರದ್ದು. ಮೊಮ್ಮಗಳಿಗೆ ನಾಲ್ಕು ಕಾಯಿ, ಉಳಿದ ಮೂವರು ಹುಡುಗರಿಗೆ ಒಂದೊಂದೇ. ಕಟ್ಟೆ ಮೇಲಿನ ಕಾಯಿ ಕಡಿಯುವ ಹಾಗಿಲ್ಲ, ಅದು ಹಳೇ ನಿಯಮ. ಹೊಸದು ಒಂದೇ: ಮೂರು ಸುತ್ತಾದ ಮೇಲೆ ಕಟ್ಟೆ ಇಳಿಯಬೇಕು. ಅಲ್ಲಿ ಮೇಯರ್ ಅವಧಿ ಮೂರು ವರ್ಷ, ಸತತವಾಗಿ ಮೂರೇ ಸಲ.

ಮೂರು ಸುತ್ತಾಯ್ತು. ಕಾಯಿ ಇಳಿಸಿದಳು, ಅದೇ ಕೈಯಲ್ಲಿ ತನ್ನದೇ ಇನ್ನೊಂದು ಇಟ್ಟಳು. "ಇಳೀಬೇಕು ಅಂದ್ರಿ ತಾತ. ಬೇರೆಯವರಿಗೆ ಬಿಡ್ಬೇಕು ಅಂತ ಹೇಳ್ಲಿಲ್ವಲ್ಲ?"

ದಾವಾವೊದಲ್ಲಿ ನಡೆದದ್ದೂ ಇದೇ ಅಲ್ವಾ? 2001ರಿಂದ 2010ರವರೆಗೆ ರೊಡ್ರಿಗೊ ದುತೆರ್ತೆ ಮೇಯರ್. ಆಮೇಲೆ ಮಗಳು ಸಾರಾ ಮೇಯರ್, ಅಪ್ಪ ಉಪಮೇಯರ್. ಒಂದು ಸಲ ಇಳಿದರೆ ಲೆಕ್ಕ ಮತ್ತೆ ಮೊದಲಿಂದ. 2013ಕ್ಕೆ ಅಪ್ಪ ವಾಪಸ್. 2016ರಲ್ಲಿ ಅವರು ದೇಶದ ಅಧ್ಯಕ್ಷರಾದರು, ಮೇಯರ್ ಕುರ್ಚಿ ಮತ್ತೆ ಸಾರಾಗೆ. 2022ರಲ್ಲಿ ಆಕೆ ಉಪಾಧ್ಯಕ್ಷೆಯಾದಾಗ ತಮ್ಮ ಸೆಬಾಸ್ಟಿಯನ್ ಕೂತ. 2025ರ ಮೇನಲ್ಲಂತೂ ಅಪ್ಪ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನದಲ್ಲಿ ಇದ್ದುಕೊಂಡೇ ಮೇಯರ್ ಚುನಾವಣೆ ಗೆದ್ದರು. ಆ ನಡೆಗೆ ನನ್ನ ರಟ್ಟಿನಲ್ಲಿ ಜಾಗವೇ ಇರಲಿಲ್ಲ. ಅಂಚಿನಲ್ಲಿ ಒಂದು ಚೌಕ ಗೀಚಿ ಸೇರಿಸಿದೆ.

ಇಂಥ ಮನೆತನಗಳಿಗೆ ನಿಷೇಧ ಅಂತ ಅವರ 1987ರ ಸಂವಿಧಾನದಲ್ಲೇ ಇದೆ. ಆದರೆ ಯಾವುದನ್ನು ಮನೆತನ ಅನ್ನಬೇಕು ಅಂತ ಸಂಸತ್ತು ಕಾನೂನು ಮಾಡಬೇಕು. ಅಲ್ಲಿ ಕೂತವರಲ್ಲಿ ಇಂಥ ಮನೆಯವರೇ ಜಾಸ್ತಿ. ದಶಕಗಳೇ ಉರುಳಿದವು. 2016ರಲ್ಲಿ ಊರಿನ ಯುವಕರ ಸಮಿತಿಗೆ ನಿಲ್ಲುವವರಿಗೆ ಮಾತ್ರ ಕಟ್ಟುನಿಟ್ಟು ತಂದರು. ಹುಡುಗರ ಮೇಲಷ್ಟೇ ಜೋರು.

ರಟ್ಟಿನ ಫೋಟೊ ಕಳಿಸಿದ್ದೇನೆ. ನಿಮ್ಮ ಮಕ್ಕಳ ಪುಟದಲ್ಲಿ ಹಾಕಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜ ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಒಂದೇ ಕಾಯಿ ಸಿಕ್ಕ ಹುಡುಗರಲ್ಲಿ ಒಬ್ಬ ಎರಡನೇ ಆಟಕ್ಕೇ ಎದ್ದು ಹೋದ.

— ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ತಿಪಟೂರು