ಹಿಮದಲ್ಲಿ ಹಿಂದಿನ ಚಕ್ರದ ಕಾರು: ಕೊಪ್ಪದ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಾರಾಯ,

ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. "ಆ ಚಳಿ ದೇಶದಲ್ಲಿ ಹಿಂದಿನ ಚಕ್ರ ತಳ್ಳೋ ಕಾರು ಇಟ್ಕೊಂಡು ಏನ್ ಮಾಡ್ತೀಯೇ? ಮಾರಿ ಒಂದು ಫೋರ್‌ವೀಲ್ ತಗೊಳ್ಳೇ" ಅಂದೆಯಲ್ಲ. ಹಿಂದೆ ನಿನ್ನ ಅಡಿಕೆ ಸುಲಿಯುವ ಮಷಿನ್ನಿನ ಸದ್ದು ಬೇರೆ. ಫೋನಿನಲ್ಲಿ ಉತ್ತರ ಕೊಟ್ಟರೆ ನೀನು ಅರ್ಧಕ್ಕೇ ನಗಲು ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ಎಲ್ಲರ ಎದುರಿಗೆ. ನಮ್ಮ ಬ್ಯಾಚಿನವರೂ ಓದಲಿ. ಸಾಕ್ಷಿಗಳಿದ್ದರೆ ನೀನು ಮಾತು ತಿರುಗಿಸುವುದಿಲ್ಲ. ಕೊಡೆ ಪ್ರಕರಣದಲ್ಲಿ ಏನಾಯಿತು ಅಂತ ಅವರಿಗೆಲ್ಲ ನೆನಪಿದೆ.

ಮೊದಲು ಕಾರಿನ ವಿಷಯ. ನನ್ನದು 2011ರ ಬಿಎಂಡಬ್ಲ್ಯು 328ಐ. ಸೆಕೆಂಡ್ ಹ್ಯಾಂಡ್. ಮೂರು ಲೀಟರಿನ ಎಂಜಿನ್ನು, ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಎಂಜಿನ್ ಇರುವುದು ಮುಂದೆ, ಅದರ ಬಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಭಾರ ಹಿಂದೆ ಮುಂದೆ ಹೆಚ್ಚುಕಮ್ಮಿ ಅರ್ಧರ್ಧ. ಆ ಲೆಕ್ಕ ಕೂಡಿಸಲಿಕ್ಕೆ ಬ್ಯಾಟರಿಯನ್ನೂ ತೆಗೆದುಕೊಂಡು ಹೋಗಿ ಡಿಕ್ಕಿಯಲ್ಲಿ ಕೂರಿಸಿದ್ದಾರೆ. ಒಣ ರಸ್ತೆಯಲ್ಲಿ ಈ ಸಮತೂಕವೇ ಅದರ ಸುಖ. ತಿರುವಿನಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ಚಕ್ರ ಏನು ಮಾಡುತ್ತಿದೆ ಅನ್ನುವುದು ಪೂರ್ತಿ ಗೊತ್ತಾಗುತ್ತದೆ. ಹಿಮ ಬಿದ್ದ ಮೇಲೆ ಅದೇ ಸಮತೂಕ ಕಷ್ಟ ಕೊಡುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಂಜಿನ್ನಿನ ಭಾರ ಎಳೆಯುವ ಚಕ್ರದ ಮೇಲೇ ಕೂತಿರುತ್ತದೆ, ಹಿಡಿತ ಸಿಗುತ್ತದೆ. ನನ್ನದರಲ್ಲಿ ತಳ್ಳುವ ಚಕ್ರಕ್ಕೆ ಸಿಗುವುದು ಅರ್ಧ ಭಾರ ಮಾತ್ರ.

ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಜೀಪನ್ನು ಟೂ-ವೀಲಲ್ಲಿ ಹಾಕಿದಾಗ ಅದೂ ಹಿಂದಿನ ಚಕ್ರದ್ದೇ ಅಲ್ವಾ? ಆಗಸ್ಟ್ ಮಳೆಯಲ್ಲಿ ತೋಟದ ಏರು ಹತ್ತಲು ಟಯರಿಗೆ ಚೈನು ಸುತ್ತುತ್ತಿದ್ದೆವಲ್ಲ, ನಾನು ಡ್ರೈವಿಂಗ್ ಕಲಿತದ್ದು ಆ ಕೆಸರಿನಲ್ಲಿ. ನಿನ್ನ ಅಪ್ಪಯ್ಯ ಪಕ್ಕದಲ್ಲಿ ಕೂತು "ಬ್ರೇಕ್ ಮುಟ್ಟಬೇಡ, ಕಾಲು ತೆಗಿ, ಸುಮ್ನೆ ತೆಗಿ" ಅನ್ನುತ್ತಿದ್ದರು. ಇಲ್ಲಿಯ ಹಿಮದ ಪಾಠಗಳೆಲ್ಲ ಆ ಒಂದು ಮಾತಿನೊಳಗೇ ಇವೆ. ಹಿಂಭಾಗ ಜಾರಿದರೆ ಬ್ರೇಕ್ ಒತ್ತಬಾರದು. ಆಕ್ಸಿಲರೇಟರಿನಿಂದ ಕಾಲು ನಿಧಾನಕ್ಕೆ ಎತ್ತಬೇಕು. ಬಾಲ ಯಾವ ಕಡೆ ಹೋಗುತ್ತಿದೆಯೋ ಆ ಕಡೆಗೇ ಸ್ಟೀರಿಂಗ್ ತಿರುಗಿಸಬೇಕು. ಕಣ್ಣು ಮಾತ್ರ ಹೋಗಬೇಕಾದ ದಾರಿಯ ಮೇಲೇ ಇರಬೇಕು.

ಅಮೆರಿಕದ ಮಿನಿಸೋಟಾ ರಾಜ್ಯದಲ್ಲಿರುವ ನಮ್ಮ ಮಿನಿಯಾಪೊಲಿಸ್ ಊರಿನ ಚಳಿಯ ಬಗ್ಗೆ ನಿನಗೆ ಹಿಂದೆಯೂ ಹೇಳಿದ್ದೇನೆ. ಒಂದು ಚಳಿಗಾಲಕ್ಕೆ ಸುಮಾರು 50 ಇಂಚು ಹಿಮ ಬೀಳುವುದು ಮಾಮೂಲಿ. 2022-23ರಲ್ಲಿ 90 ಇಂಚು ದಾಟಿತ್ತು. ಅಂದರೆ ಏಳೂವರೆ ಅಡಿ. 2019ರ ಜನವರಿ ಕೊನೆಯಲ್ಲಿ ಮೈನಸ್ 33 ಡಿಗ್ರಿಗೆ ಇಳಿದಿತ್ತು. ಆದರೆ ಓಡಿಸುವವರಿಗೆ ತೀರಾ ಚಳಿ ಅಷ್ಟು ದೊಡ್ಡ ಶತ್ರು ಅಲ್ಲ. ಮೈನಸ್ 20ರಲ್ಲಿ ಹೊಸದಾಗಿ ಬಿದ್ದ ಹಿಮ ಒಣಗಿರುತ್ತದೆ, ರವೆಯ ಮೇಲೆ ಕಾಲಿಟ್ಟ ಹಾಗೆ ಕಿರಕಿರ ಅನ್ನುತ್ತದೆ, ಟಯರು ಕಚ್ಚಿಕೊಳ್ಳುತ್ತದೆ. ಸೊನ್ನೆಯ ಆಸುಪಾಸಿನ ದಿನವೇ ಕೆಟ್ಟದು. ಮಂಜುಗಡ್ಡೆಯ ಮೇಲೆ ಒಂದು ಎಳೆ ನೀರು ನಿಂತಿರುತ್ತದೆ, ಅದಕ್ಕಿಂತ ಜಾರುವುದು ಇನ್ನೊಂದಿಲ್ಲ. ಇನ್ನೊಂದು ಅಪಾಯದ ಜಾಗ ಸಿಗ್ನಲ್ಲು. ಅಲ್ಲಿ ನೂರಾರು ಕಾರುಗಳು ನಿಂತು, ಚಕ್ರ ತಿರುಗಿಸಿ, ಹೊರಟು, ಹಿಮವನ್ನು ಉಜ್ಜಿ ಉಜ್ಜಿ ಗಾಜು ಮಾಡಿರುತ್ತವೆ. ನಿಲ್ಲಬೇಕಾದ ಜಾಗವೇ ಎಲ್ಲಕ್ಕಿಂತ ಜಾಸ್ತಿ ಜಾರುತ್ತದೆ.

ಉಪ್ಪು ಹಾಕುವುದಿಲ್ವಾ ಅಂತ ಕೇಳುತ್ತೀಯ. ಹಾಕುತ್ತಾರೆ. ಮೈನಸ್ 9ಕ್ಕಿಂತ ಕೆಳಗೆ ಹೋದರೆ ಮಾಮೂಲಿ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಂದು ಟೀ ಚಮಚ ಉಪ್ಪು ಸಾಕಂತೆ, ಐದು ಗ್ಯಾಲನ್ ನೀರು ಕೆಡುವುದಕ್ಕೆ. ಇಷ್ಟೊಂದು ಕೆರೆ ಇರುವ ಊರಿನಲ್ಲಿ ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ವಸಂತದಲ್ಲಿ ಕರಗಿದ್ದೆಲ್ಲ ಕೆರೆಗೇ ತಾನೇ ಹೋಗಬೇಕು.

ಈಗ ನಿನ್ನ ಫೋರ್‌ವೀಲ್ ವಾದಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಅಂಥದ್ದೂ ಒಂದಿದೆ, ನಮ್ಮವರು ಓಡಿಸುತ್ತಾರೆ. ಒಳ್ಳೆಯ ಗಾಡಿ. ಗಲ್ಲಿಯಲ್ಲಿ ಹಿಮ ತುಂಬಿದ್ದಾಗ ಅದು ಸಲೀಸಾಗಿ ಹೊರಡುತ್ತದೆ, ನನ್ನದು ತಿಣುಕುತ್ತದೆ. ಸರಿ, ಒಪ್ಪಿದೆ. ಆದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವುದರಿಂದ ಆಗುವ ಉಪಕಾರ ಹೊರಡುವುದಕ್ಕೆ ಮಾತ್ರ, ಮಾರಾಯ. ನಿಲ್ಲುವುದಕ್ಕೆ ಅಲ್ಲ. ಯಾವ ಕಾರಿಗಾದರೂ ಬ್ರೇಕ್ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲಿಸುವುದು ಟಯರು. ತಿರುಗಿಸುವುದೂ ಟಯರೇ. ಸಲೀಸಾಗಿ ಹೊರಟ ಗಾಡಿ ರಸ್ತೆ ಚೆನ್ನಾಗಿದೆ ಅನ್ನುವ ನಂಬಿಕೆ ಹುಟ್ಟಿಸುತ್ತದೆ. ಮೊದಲ ಹಿಮದ ದಿನ ಹೈವೇ ಪಕ್ಕದ ಚರಂಡಿಯಲ್ಲಿ ಎಷ್ಟು ದೊಡ್ಡ ದೊಡ್ಡ ಎಸ್‌ಯುವಿಗಳು ಮೂತಿ ಹುಗಿದು ನಿಂತಿರುತ್ತವೆ ಅಂತ ಬಂದು ನೋಡಬೇಕು ನೀನು. ನನ್ನ ಕಾರು ಹೊರಡುವಾಗಲೇ ಹಿಂಭಾಗ ಚೂರು ಅಲ್ಲಾಡಿಸಿ ಹೇಳಿಬಿಡುತ್ತದೆ, ಇವತ್ತು ರಸ್ತೆ ಹೀಗಿದೆ, ನೋಡಿಕೊಂಡು ಹೋಗು ಅಂತ. ನನಗೆ ಆ ಮಾತು ಬೇಕು.

ಟಯರಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ನವೆಂಬರ್ ಬರುತ್ತಿದ್ದ ಹಾಗೆ ಚಳಿಗಾಲದ ಟಯರು ಹಾಕಿಸುತ್ತೇನೆ. ಟಯರಿನ ಪಕ್ಕದ ಮೈಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಗುರುತು ಇರಲೇಬೇಕು. ಮಿನಿಸೋಟಾದಲ್ಲಿ ಇವು ಕಡ್ಡಾಯ ಅಲ್ಲ, ಆಗಬೇಕು ಅನ್ನುವುದು ನನ್ನ ಆಸೆ. ಬೇಸಿಗೆ ಟಯರಿನ ರಬ್ಬರು 7 ಡಿಗ್ರಿಯ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಚಳಿಗಾಲದ್ದು ಮೆತ್ತಗೇ ಉಳಿಯುತ್ತದೆ. ಅದರ ಮೈತುಂಬ ಬ್ಲೇಡಿನಲ್ಲಿ ಗೀರಿದಷ್ಟು ತೆಳು ಸೀಳುಗಳು. ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತವೆ. ರಸ್ತೆಗೆ ತಾಗಿದಾಗ ಆ ಸೀಳಿನ ಅಂಚುಗಳೇ ಹಿಮವನ್ನು ಹಿಡಿಯುವುದು. ಚಳಿಗಾಲದ ಟಯರನ್ನು ಮೊದಲು ಮಾಡಿದವರು ಫಿನ್ಲೆಂಡಿನ ನೋಕಿಯಾ ಊರಿನವರು, 1934ರಲ್ಲಿ, ಲಾರಿಗಳಿಗಾಗಿ. ಹಿಮದಲ್ಲಿ ಹುಟ್ಟಿದವರಿಗೇ ಅದು ಹೊಳೆದದ್ದು. ಟಯರು ಚೂರು ಕಿರಿದಾಗಿದ್ದರೆ ಇನ್ನೂ ಒಳ್ಳೆಯದು, ಹಿಮ ಸೀಳಿಕೊಂಡು ನೆಲ ಮುಟ್ಟುತ್ತದೆ. ಚೆಂದಕ್ಕೆ ಅಂತ ಅಗಲದ್ದು ಹಾಕಿದರೆ ಹಿಮದ ಮೇಲೆ ತೇಲುತ್ತದೆ. ಮೊಳೆ ಹೊಡೆದ ಟಯರು ಇಲ್ಲಿಯ ನಿವಾಸಿಗಳು ಹಾಕುವಂತಿಲ್ಲ, ರಸ್ತೆ ಹಾಳಾಗುತ್ತದೆ. ಚಳಿ ಏರಿದ ಹಾಗೆ ಗಾಳಿ ಇಳಿಯುವುದರಿಂದ ಪ್ರೆಷರ್ ನೋಡುತ್ತಲೇ ಇರಬೇಕು. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಒಂದು ಚೀಲ ಮರಳು ಸದಾ ಇರುತ್ತವೆ. ಸಿಕ್ಕಿಕೊಂಡರೆ ಚಕ್ರದ ಅಡಿಗೆ ಎರಚಲಿಕ್ಕೆ.

ಸ್ಟೆಬಿಲಿಟಿ ಕಂಟ್ರೋಲ್ ಅಂತ ಒಂದಿದೆ ಇದರಲ್ಲಿ. ಕಾರು ಸ್ಟೀರಿಂಗ್ ಹೇಳಿದ ಕಡೆ ಹೋಗುತ್ತಿಲ್ಲ ಅಂತ ಗೊತ್ತಾದ ಕೂಡಲೇ ಅದೇ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ, ಎಂಜಿನ್ನಿನ ಬಲ ಇಳಿಸಿ, ನೆಟ್ಟಗೆ ಮಾಡುತ್ತದೆ. ಮೀಟರಿನಲ್ಲಿ ಹಳದಿ ತ್ರಿಕೋನ ಮಿನುಗುತ್ತದೆ. ಅಮೆರಿಕದಲ್ಲಿ 2012ರ ಮಾಡೆಲಿನಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ಆಳ ಹಿಮದಿಂದ ಹೊರಡುವಾಗ ಅದರ ಬಟನ್ ಒಮ್ಮೆ ಒತ್ತಿದರೆ ಚಕ್ರ ಸ್ವಲ್ಪ ಜಾಸ್ತಿ ತಿರುಗಲು ಬಿಡುತ್ತದೆ. ಒತ್ತಿ ಹಿಡಿದುಕೊಂಡರೆ ಪೂರ್ತಿ ಸುಮ್ಮನಾಗುತ್ತದೆ. ರಸ್ತೆಯಲ್ಲಿ ಹಾಗೆ ಯಾವತ್ತೂ ಮಾಡಬಾರದು. ಮೊನ್ನೆ ಮಾಡಿದ್ದು ರಸ್ತೆಯಲ್ಲಲ್ಲ.

ಮಗಳಿಗೆ ಹದಿನೈದು ತುಂಬಿತು. ಇಲ್ಲಿ ಆ ವಯಸ್ಸಿಗೇ ಲರ್ನರ್ಸ್ ಸಿಗುತ್ತದೆ. ಭಾನುವಾರ ಸಂಜೆ ಖಾಲಿ ಪಾರ್ಕಿಂಗ್ ಜಾಗವೊಂದಕ್ಕೆ, ಕೇಳಿಕೊಂಡೇ, ಕರೆದುಕೊಂಡು ಹೋಗಿದ್ದೆ. ಕಂಬ ಇಲ್ಲ, ಕಟ್ಟೆ ಇಲ್ಲ, ಬರೀ ತುಳಿದು ಗಟ್ಟಿಯಾದ ಹಿಮ. ಬಟನ್ ಒತ್ತಿ ಹಿಡಿದೆ. "ನಿಧಾನಕ್ಕೆ ತಿರುಗಿಸು, ಆಮೇಲೆ ಆಕ್ಸಿಲರೇಟರ್ ಕೊಡು, ಬಾಲ ಜಾರುತ್ತೆ, ಹೆದರಬೇಡ" ಅಂದೆ. ಕೊಟ್ಟಳು. ಜಾರಿತು. ನಾನು ನಿನ್ನ ಅಪ್ಪಯ್ಯನ ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಆ ಕಡೆ ತಿರುಗಿ ಆಗಿತ್ತು. ಅಷ್ಟೇ ಅಲ್ಲ. ಹಿಂಭಾಗ ಸರಿಹೋಗುತ್ತಾ ಇನ್ನೊಂದು ಕಡೆಗೆ ಬೀಸುತ್ತದಲ್ಲ, ಬಹಳ ಜನ ಸೋಲುವುದು ಆ ಎರಡನೇ ಬೀಸಿಗೆ. ಅವಳು ಸ್ಟೀರಿಂಗನ್ನು ಅಂಗೈಯಲ್ಲಿ ಸಡಿಲ ಬಿಟ್ಟಳು. ಅದು ತಾನಾಗಿ ಜಾರಿ ಮಧ್ಯಕ್ಕೆ ಬಂತು. ಅಲ್ಲಿಗೆ ಹಿಡಿದಳು. ಕಾರು ನೆಟ್ಟಗಾಯಿತು. ಅವಳ ಭುಜ ಒಂಚೂರೂ ಬಿಗಿಯಾಗಿರಲಿಲ್ಲ.

ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಯಾರೂ ಇಲ್ಲಮ್ಮಾ, ಸ್ಕೇಟಿಂಗ್ ಅಲ್ವಾ ಇದು?" ಅಂದಳು. ನಡೆಯಲು ಕಲಿತ ಸ್ವಲ್ಪ ದಿನಕ್ಕೇ ಅವಳು ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತವಳು. ಜಾರುವುದು ಅಂದರೆ ಅವಳಿಗೆ ಬೀಳುವುದಲ್ಲ, ಚಲಿಸುವುದು. ನನಗೆ ಕೆಸರು ಕಲಿಸಿದ್ದನ್ನು ಅವಳಿಗೆ ಈ ಊರಿನ ಐಸು ಕಲಿಸಿದೆ.

ಇಲ್ಲಿಗೇ ನಿಲ್ಲಿಸಬೇಕು ಅಂತಿದ್ದೆ. ಆದರೆ ಶುರು ಮಾಡಿದ್ದೇನೆ, ಹೇಳಿಬಿಡುತ್ತೇನೆ.

"ಇನ್ನೆರಡು ವರ್ಷ, ಆಮೇಲೆ ಬಂದುಬಿಡ್ತೀವಿ" ಅಂತ ಪ್ರತಿ ಫೋನಿನಲ್ಲೂ ನಿನಗೆ ಹೇಳುತ್ತಾ ಬಂದೆನಲ್ಲ. ನೀನು "ಹೂಂ, ಹೂಂ, ಎರಡೇ" ಅಂತ ನಗುತ್ತಿದ್ದೆ. ನಾನು ಪ್ರತಿ ಸಲವೂ ಅದನ್ನು ನಂಬಿಯೇ ಹೇಳುತ್ತಿದ್ದೆ, ಮಾರಾಯ. ಆ ಸಂಜೆ ಪಕ್ಕದ ಸೀಟಿನಲ್ಲಿ ಕೂತು ಅವಳ ಕೈ ನೋಡಿದಾಗ ಆ ಮಾತು ನನ್ನೊಳಗೆ ಮುಗಿದುಹೋಯಿತು. ಇವಳು ಇಲ್ಲಿಯವಳು. ಇವಳನ್ನು ಕಿತ್ತುಕೊಂಡು ಬರಲಾರೆ, ಬಿಟ್ಟು ಬರಲೂ ಆರೆ. ನಾವು ಬರುವುದಿಲ್ಲ.

ಅದಕ್ಕೆ ಅಳು ಬರಬೇಕಿತ್ತು ಅಲ್ವಾ? ಬರಲಿಲ್ಲ. ಖುಷಿಯಾಯಿತು. ಎದೆ ತುಂಬಿ ಬಂದಷ್ಟು ಖುಷಿ. ನನಗೆ ಭಯವಾದದ್ದು ಅದಕ್ಕೇ. ಊರು ಬಿಟ್ಟ ನೋವು ಇಷ್ಟು ವರ್ಷ ನನ್ನ ಜೊತೆಗಿತ್ತು. ನಾನು ಯಾರು ಅಂತ ನನಗೆ ಹೇಳುತ್ತಿದ್ದದ್ದೇ ಅದು. ಅದು ಇಷ್ಟು ಸುಲಭವಾಗಿ ಇಳಿದು ಹೋದರೆ ಉಳಿದದ್ದು ಏನು? ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಅಮ್ಮನಿಗಂತೂ ಹೇಗೆ ಹೇಳಲಿ? ಅವಳು ಈಗಲೂ ಅಟ್ಟದ ಮೇಲೆ ನನ್ನ ಪಾತ್ರೆಗಳನ್ನು ಬೇರೆ ಇಟ್ಟಿದ್ದಾಳೆ. ನಿನಗೇ ಮೊದಲು ಹೇಳುತ್ತಿರುವುದು, ಅದೂ ಇಷ್ಟು ಜನರ ಎದುರಿಗೆ. ಒಬ್ಬಳೇ ಕೂತು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ನಿನ್ನ ತೋಟದ ಪಕ್ಕದ ನನ್ನ ಸೈಟಿಗೆ ಬೇಲಿ ಹಾಕಿಸಲಾ ಅಂತ ನೀನು ಕೇಳಿದ್ದೆ. ಬೇಡ. ನಿನಗೆ ಬೇಕಾದ್ದು ನೆಡು. ಕಾಳುಮೆಣಸೋ, ಏಲಕ್ಕಿಯೋ, ನೀನೇ ನೋಡು. ಹಲಸಿನ ಮರ ಮಾತ್ರ ಕಡಿಯಬೇಡ, ಅದರ ಮೇಲೆ ನಿನಗಿಂತ ನನಗೆ ಹಕ್ಕು ಜಾಸ್ತಿ. ಯಾಕೆ ಅಂತ ನಿನಗೆ ಗೊತ್ತು, ನಿನ್ನ ಹೆಂಡತಿಗೂ ಗೊತ್ತು.

ಸರಿ, ಬೇರೆ ಮಾತು. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಇಬ್ಬರೂ ಇಲ್ಲಿಗೆ ಬನ್ನಿ. ಬೂಟು, ಜಾಕೆಟ್ಟು ನಾನೇ ಕೊಡಿಸುತ್ತೇನೆ, ನೀನು ಕಾಫಿಪುಡಿ ತಂದರೆ ಸಾಕು. ಕೆರೆ ಹೆಪ್ಪುಗಟ್ಟಿ ಒಂದಡಿಗಿಂತ ದಪ್ಪ ಆದ ಮೇಲೆ ಜನ ಅದರ ಮೇಲೇ ಗಾಡಿ ಓಡಿಸಿಕೊಂಡು ಹೋಗಿ, ತೂತು ಕೊರೆದು, ಮೀನು ಹಿಡಿಯುತ್ತಾರೆ. ನಿನಗೆ ಅದನ್ನು ತೋರಿಸಬೇಕು. ಪಾರ್ಕಿಂಗ್ ಜಾಗದಲ್ಲಿ ನನ್ನ ಕಾರನ್ನೂ ಕೊಡುತ್ತೇನೆ. ನಿನಗೆ ಮೂರು ನಿಮಿಷ ಸಾಕು, ಹಿಂದಿನ ಚಕ್ರದ ಕಾರು ಮಾರು ಅಂತ ಇನ್ನೊಮ್ಮೆ ಹೇಳುವುದಿಲ್ಲ ನೀನು.

ಇನ್ನೊಂದು ಕೆಲಸ ಇದೆ ನಿನಗೆ. ಇಲ್ಲಿಯ ಸರ್ಕಾರ ಹಿಮ ತೆಗೆಯುವ ಲಾರಿಗಳಿಗೆ ಹೆಸರಿಡುವ ಸ್ಪರ್ಧೆ ನಡೆಸುತ್ತದೆ. 2021ರಲ್ಲಿ ಮೊದಲ ಸಲ ನಡೆದಾಗ ಪ್ಲೋವಿ ಮ್ಯಾಕ್‌ಪ್ಲೋಫೇಸ್ ಅನ್ನುವ ಹೆಸರು ಗೆದ್ದಿತ್ತು. ಮುಂದಿನ ಸಲಕ್ಕೆ ಮಗಳು ಕನ್ನಡದ ಹೆಸರು ಕಳಿಸಬೇಕು ಅಂತ ಹಟ ಹಿಡಿದಿದ್ದಾಳೆ. ಹಿಮಪ್ಪ ಅಂತ ಅವಳು, ಮಂಜಣ್ಣ ಅಂತ ನಾನು. ತೀರ್ಪು ನಿನ್ನದು, ಬೇಗ ಹೇಳು.

ನಿನ್ನ
ಚೈನು ಸುತ್ತುವ ಅಸಿಸ್ಟೆಂಟು